ಒಣಕೆರೆಯೇ ರನ್‌ವೇ: ಓದುಗರ ಪ್ರಶ್ನೆ, ಹಳೇ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ಅಮೆರಿಕದವರು ಹೊಸ ಯುದ್ಧವಿಮಾನಗಳನ್ನು ಎಡ್ವರ್ಡ್ಸ್ ಎಂಬ ವಾಯುನೆಲೆಯಲ್ಲಿ ಹಾರಿಸಿ ನೋಡುತ್ತಾರೆ ಅಂತ ಓದಿದೆ. ಮರುಭೂಮಿಯೊಳಗೆ ಹೋಗಿ ಯಾಕೆ ಕೂತರು? ಗುಟ್ಟಿಗಾಗಿಯಾ?

ಉತ್ತರ: ಗುಟ್ಟೂ ಒಂದು ಕಾರಣ. 1942ರಲ್ಲಿ ಅಮೆರಿಕದ ಮೊದಲ ಜೆಟ್ ವಿಮಾನ ಹಾರಿದ್ದು ಅಲ್ಲೇ. ನೆಲದ ಮೇಲಿದ್ದಾಗ ಅದರ ಮೂತಿಗೆ ಸುಳ್ಳು ಪ್ರೊಪೆಲರ್ ಸಿಕ್ಕಿಸಿಡುತ್ತಿದ್ದರು, ನೋಡಿದವರು ಮಾಮೂಲಿ ವಿಮಾನ ಅಂದುಕೊಳ್ಳಲಿ ಅಂತ.

ಆದರೆ ದೊಡ್ಡ ಕಾರಣ ಒಂದು ಕೆರೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿರುವ ರೋಜರ್ಸ್ ಒಣಕೆರೆ. ಸುಮಾರು 114 ಚದರ ಕಿಲೋಮೀಟರ್ ಚಪ್ಪಟೆ ಜೇಡಿಮಣ್ಣು. ಕೆರೆ ಒಣಗಿದರೆ ರೈತ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಇಲ್ಲಿ ಒಣಗಿದರೇನೇ ಕೆಲಸ. ಚಳಿಗಾಲದ ಮಳೆಗೆ ನಾಲ್ಕು ಬೆರಳು ನೀರು ನಿಲ್ಲುತ್ತದೆ. ಗಾಳಿ ಆ ನೀರನ್ನು ಅತ್ತಿಂದಿತ್ತ ಆಡಿಸುತ್ತದೆ. ಬಿರುಕುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಅಂಗಳ ಸಾರಿಸಿದ ಹಾಗೆ! ಆಮೇಲೆ ಬಿಸಿಲಿಗೆ ಒಣಗಿ ಕಲ್ಲಿನಂತಾಗುತ್ತದೆ. ಆ ಮಣ್ಣಿನ ಮೇಲೆ ಗೆರೆ ಎಳೆದು ಗುರುತಿಸಿದ ಒಂದು ರನ್‌ವೇ 12 ಕಿಲೋಮೀಟರ್ ಉದ್ದ.

ಹೊಸ ವಿಮಾನ ಅಂದರೆ ಏನು ಕೈಕೊಡುತ್ತದೋ ಗೊತ್ತಿರೋದಿಲ್ಲ. ಎಂಜಿನ್ ನಿಂತರೆ ಎಲ್ಲಿ ಇಳಿಸೋದು? ಇಲ್ಲಿ ಎಲ್ಲಿ ಬೇಕಾದರೂ ಇಳಿಸಬಹುದು. ಪೈಲಟ್‌ಗೆ ಅದಕ್ಕಿಂತ ದೊಡ್ಡ ಸಮಾಧಾನ ಬೇರೆ ಇಲ್ಲ.

ಪ್ರಶ್ನೆ: ಶಬ್ದಕ್ಕಿಂತ ವೇಗವಾಗಿ ಮೊದಲು ಹಾರಿದ ಪೈಲಟ್‌ಗೆ ಆವತ್ತು ಪಕ್ಕೆಲುಬು ಮುರಿದಿತ್ತಂತೆ. ನಿಜವಾ, ಸುಮ್ನೆ ಕಟ್ಟಿದ ಕಥೆಯಾ?

ಉತ್ತರ: ನಿಜ. ಚಕ್ ಯೇಗರ್ ಎರಡು ದಿನ ಮೊದಲು ಕುದುರೆಯಿಂದ ಬಿದ್ದಿದ್ದರು. ವಿಮಾನದ ಬಾಗಿಲು ಎಳೆದು ಮುಚ್ಚೋಕೂ ಆಗುತ್ತಿರಲಿಲ್ಲ. ಗೆಳೆಯ ಜ್ಯಾಕ್ ರಿಡ್ಲಿ ಪೊರಕೆಯ ಕೋಲು ಕತ್ತರಿಸಿ ಕೊಟ್ಟರು. ಅದನ್ನೇ ಮೀಟುಗೋಲು ಮಾಡಿಕೊಂಡು ಬಾಗಿಲು ಹಾಕಿಕೊಂಡರು. ದಿನಾಂಕ 1947ರ ಅಕ್ಟೋಬರ್ 14. ಬಿ-29 ವಿಮಾನದ ಹೊಟ್ಟೆಯಿಂದ ಯೇಗರ್ ಕೂತಿದ್ದ ಎಕ್ಸ್-1 ಎಂಬ ಪುಟ್ಟ ವಿಮಾನ ಕಳಚಿಕೊಂಡಿತು, ರಾಕೆಟ್ ಹೊತ್ತಿಕೊಂಡಿತು, ಮ್ಯಾಕ್ 1.06 ಮುಟ್ಟಿತು. ಮ್ಯಾಕ್ 1 ಅಂದರೆ ಶಬ್ದದ ವೇಗ.

ಪೊರಕೆ ಕೋಲಿನ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ರಿಡ್ಲಿಯ ಇನ್ನೊಂದು ಉಪಕಾರ ಜಾಸ್ತಿ ಇಷ್ಟ. ಅದಕ್ಕೂ ಕೆಲವು ದಿನ ಹಿಂದೆ, ಮ್ಯಾಕ್ 0.94ರ ಹತ್ತಿರ ಯೇಗರ್ ವಿಮಾನ ನಡೆಸುವ ಹಿಡಿಕೋಲು ಎಳೆದರೂ ಮೂತಿ ಮೇಲೇಳಲಿಲ್ಲ. ಬಾಲದ ಅಡ್ಡರೆಕ್ಕೆಯ ಹಿಂದೆ ಕೀಲಿಗೆ ಕೂರಿಸಿದ ಒಂದು ಪಟ್ಟಿ ಇರುತ್ತದೆ, ಎಲಿವೇಟರ್ ಅಂತ. ಆ ವೇಗದಲ್ಲಿ ಗಾಳಿ ಒತ್ತಿಕೊಂಡು ಹುಟ್ಟುವ ಆಘಾತದ ಅಲೆ ಸರಿಯಾಗಿ ಆ ಕೀಲಿನ ಗೆರೆಯ ಮೇಲೇ ಕೂತುಬಿಡುತ್ತಿತ್ತು. ಪಟ್ಟಿ ಆಡಿದರೂ ಗಾಳಿಗೆ ಅದರ ಪರಿವೆಯೇ ಇಲ್ಲ. ಕೆಲಸ ಅಲ್ಲಿಗೇ ನಿಲ್ಲುವ ಹಾಗಿತ್ತು. ರಿಡ್ಲಿ ಲೆಕ್ಕ ಹಾಕಿ ಹೇಳಿದರು: ಪಟ್ಟಿಯನ್ನು ಬಿಡು, ಇಡೀ ಅಡ್ಡರೆಕ್ಕೆಯನ್ನೇ ಚೂರುಚೂರೇ ಓರೆ ಮಾಡು. ಹಾಗೆ ಓರೆ ಮಾಡುವ ಮೋಟಾರು ವಿಮಾನದಲ್ಲಿ ಮೊದಲೇ ಇತ್ತು. ಕೆಲಸ ಮಾಡಿತು. ಆಮೇಲೆ ಬಂದ ಶಬ್ದಾತೀತ ಫೈಟರ್‌ಗಳ ಬಾಲ ಗಮನಿಸಿ. ಹೆಚ್ಚಿನವುಗಳಲ್ಲಿ ಇಡೀ ಬಾಲರೆಕ್ಕೆಯೇ ತಿರುಗುತ್ತದೆ. ದಾಖಲೆಗಿಂತ ದೊಡ್ಡ ಲಾಭ ಅದು.

ಅಂದಹಾಗೆ, ಎಕ್ಸ್-1ರ ಇಂಧನ ಕೆಲವೇ ನಿಮಿಷದ್ದು. ಇಳಿಯುವಾಗ ಎಂಜಿನ್ ಇಲ್ಲ, ಬರೀ ತೇಲಿಕೊಂಡು ಬರಬೇಕು. ಇಳಿದದ್ದು ಅದೇ ಕೆರೆಯ ಮೇಲೆ.

ಪ್ರಶ್ನೆ: ಎಡ್ವರ್ಡ್ಸ್ ಯಾರು?

ಉತ್ತರ: ಕ್ಯಾಪ್ಟನ್ ಗ್ಲೆನ್ ಎಡ್ವರ್ಡ್ಸ್, ಟೆಸ್ಟ್ ಪೈಲಟ್. 1948ರ ಜೂನ್ 5ರಂದು ವೈಬಿ-49 ಎಂಬ ವಿಮಾನ ಬಿದ್ದು ಅವರೂ ಇನ್ನು ನಾಲ್ವರೂ ಸತ್ತರು. ಅದಕ್ಕೆ ಬಾಲವೇ ಇರಲಿಲ್ಲ, ಇಡೀ ವಿಮಾನವೇ ಒಂದು ರೆಕ್ಕೆ. ಆವರೆಗೆ ಮ್ಯೂರಾಕ್ ಅಂತಿದ್ದ ನೆಲೆಗೆ ಆಮೇಲೆ ಅವರ ಹೆಸರಿಟ್ಟರು. ಆ ವಿಮಾನದ ರೆಕ್ಕೆಯ ಅಗಲ 172 ಅಡಿ. ನಲವತ್ತು ವರ್ಷ ಬಿಟ್ಟು ಬಂದ ಬಿ-2 ಬಾಂಬರ್ ಕೂಡ ಬಾಲವಿಲ್ಲದ್ದೇ, ಅದರ ಅಗಲವೂ 172 ಅಡಿಯೇ. ಅದನ್ನು ಪರೀಕ್ಷೆ ಮಾಡಿದ್ದೂ ಎಡ್ವರ್ಡ್ಸ್‌ನಲ್ಲೇ. 2023ರ ನವೆಂಬರ್‌ನಲ್ಲಿ ಬಿ-21 ಎಂಬ ಹೊಸ ಬಾಂಬರ್ ಮೊದಲ ಸಲ ಹಾರಿ ಬಂದು ಇಳಿದದ್ದೂ ಅಲ್ಲಿಗೇ.

ಪ್ರಶ್ನೆ: ಮರ್ಫಿ ನಿಯಮ ಹುಟ್ಟಿದ್ದೂ ಅಲ್ಲೇ ಅಂತಾರೆ?

ಉತ್ತರ: ಹೌದು, 1949ರಲ್ಲಿ. ಎಡವಟ್ಟಾಗೋಕೆ ದಾರಿ ಇದ್ದರೆ ಎಡವಟ್ಟು ಆಗಿಯೇ ಆಗುತ್ತದೆ ಅನ್ನೋದೇ ಆ ನಿಯಮ. ಜಾನ್ ಸ್ಟ್ಯಾಪ್ ಎಂಬ ವೈದ್ಯರು ಹಳಿ ಮೇಲಿನ ರಾಕೆಟ್ ಬಂಡಿಯಲ್ಲಿ ತಾವೇ ಕೂತು, ಗಕ್ಕನೆ ನಿಂತಾಗ ಮೈ ಎಷ್ಟು ತಡೆಯುತ್ತದೆ ಅಂತ ನೋಡುತ್ತಿದ್ದರು. ಅಳೆಯೋಕೆ ಎಡ್ವರ್ಡ್ ಮರ್ಫಿ ಎಂಬ ಎಂಜಿನಿಯರ್ ತಂದ ಸೆನ್ಸರ್‌ಗಳನ್ನು ಉಲ್ಟಾ ಜೋಡಿಸಿದ್ದರು. ಓಟ ಮುಗಿದ ಮೇಲೆ ನೋಡಿದರೆ ಸೊನ್ನೆ! ಮರ್ಫಿ ಸಿಟ್ಟಿನಲ್ಲಿ ಆಡಿದ ಮಾತೇ ಬೆಳೆದು ನಿಯಮವಾಯಿತು.

ನನಗೆ ನಗು ಬರೋದಿಲ್ಲ. ಹ್ಯಾಂಗರ್ ಕೆಲಸದ ಹೊಸದರಲ್ಲಿ ನಾನೇ ಒಂದು ವಾಲ್ವನ್ನು ತಿರುಗುಮುರುಗಾಗಿ ಕೂರಿಸಿದ್ದೆ. ಎರಡೂ ಕಡೆಯಿಂದ ಸಲೀಸಾಗಿ ಕೂರುವಂಥದ್ದು ಅದು. ಹಿರಿಯರೊಬ್ಬರು ಬಾಣದ ಗುರುತು ತೋರಿಸಿ, ಏನೂ ಬೈಯದೆ, ನನ್ನ ಕೈಗೆ ಸ್ಪ್ಯಾನರ್ ಕೊಟ್ಟು ಹೋದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಪ್ರಶ್ನೆ: ಆ ಕೆರೆ ಪೂರ್ತಿ ತುಂಬಿದರೆ?

ಉತ್ತರ: ಮಣ್ಣಿನ ರನ್‌ವೇ ಬಂದ್. ಪಕ್ಕದಲ್ಲಿ ಕಾಂಕ್ರೀಟ್ ರನ್‌ವೇ ಇದೆ ಅನ್ನಿ. ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೊದಲ ಯಾನ ಮುಗಿಸಿ 1981ರ ಏಪ್ರಿಲ್ 14ರಂದು ಈ ಕೆರೆಯ ಮೇಲೇ ಇಳಿದಿತ್ತು. ಮೂರನೇ ಯಾನದ ಹೊತ್ತಿಗೆ, 1982ರ ಮಾರ್ಚ್‌ನಲ್ಲಿ, ಕೆರೆಯಲ್ಲಿ ನೀರು. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ಗೆ ಹೋಗಿ ಇಳಿಸಿದರು. ಅಲ್ಲಿನ ಜಿಪ್ಸಂ ಧೂಳು ನೌಕೆಯ ಸಂದಿಗೊಂದಿಗೆಲ್ಲ ತುಂಬಿಕೊಂಡಿತು.

ನೀರು ಬಂದ ವರ್ಷ ರೋಜರ್ಸ್‌ನ ಮಣ್ಣಿನಲ್ಲಿ ಹುದುಗಿದ್ದ ಮೊಟ್ಟೆಗಳು ಒಡೆದು ಪುಟ್ಟ ಸಿಗಡಿಗಳು ಹುಟ್ಟುತ್ತವೆ. ಅವನ್ನು ತಿನ್ನೋಕೆ ಹಕ್ಕಿಗಳು ಬಂದು ಇಳಿಯುತ್ತವೆ.