ನಾಲ್ಕು ಬಾಗಿಲ ಡಬ್ಲ್ಯು123 ಕೊಳ್ಳಲೋ, ಎರಡು ಬಾಗಿಲ ಕೂಪೆ ಕೊಳ್ಳಲೋ?

ಪ್ರಶ್ನೆ: ಹಳೆಯ ಮರ್ಸಿಡಿಸ್ ಡಬ್ಲ್ಯು123 ಮೇಲೆ ನನಗೆ ಚಿಕ್ಕಂದಿನಿಂದಲೂ ಆಸೆ. ಈಗ ಎರಡು ಗಾಡಿ ನೋಡಿಟ್ಟಿದ್ದೇನೆ. ಒಂದು 1983ರ 300ಡಿ ಡೀಸೆಲ್ ಸೆಡಾನ್. ಬಣ್ಣ ಮಾಸಿದೆ, ಆದರೆ ಮೊದಲಿನಿಂದ ಒಬ್ಬರ ಕೈಯಲ್ಲೇ ಇತ್ತು. ಇನ್ನೊಂದು 1981ರ 280ಸಿಇ ಕೂಪೆ. ಹೊಸದಾಗಿ ಪೇಂಟ್ ಆಗಿದೆ, ನೋಡಿದರೆ ಕಣ್ಣು ಕೀಳಲಾಗದು. ಸೆಡಾನಿಗೆ ಹೇಳಿದ ಬೆಲೆಯ ಒಂದೂವರೆ ಪಟ್ಟು ಕೂಪೆಗೆ ಹೇಳುತ್ತಿದ್ದಾರೆ. ಮನೆಯಲ್ಲಿ ಹತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳಿದ್ದಾರೆ. ವಾರಕ್ಕೊಮ್ಮೆ ಓಡಿಸುವುದಷ್ಟೇ. ನನಗೆ ಕೂಪೆ ಬೇಕು, ನನ್ನ ಹೆಂಡತಿ ಸೆಡಾನ್ ಅನ್ನುತ್ತಾಳೆ. ನೀವು ಏನನ್ನುತ್ತೀರಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಹೋಗಿ ನಿಂತದ್ದು ‘ಹೊಸದಾಗಿ ಪೇಂಟ್ ಆಗಿದೆ’ ಎಂಬಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಅಣ್ಣತಮ್ಮಂದಿರ ಜಾತಕ ನೋಡೋಣ.

ಸೆಡಾನ್ ಹೊರಬಂದದ್ದು 1976ರ ಆರಂಭದಲ್ಲಿ. ಕೂಪೆಯನ್ನು 1977ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ತೋರಿಸಿದರು. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್, ಬ್ರೇಕು, ಸ್ಟೇರಿಂಗ್, ಡ್ಯಾಶ್‌ಬೋರ್ಡು ಎಲ್ಲ ಒಂದೇ ಮನೆಯವು. ಕೂಪೆಗಾಗಿ ಅವರು ಸೆಡಾನಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು 2,795 ಮಿಲಿಮೀಟರಿನಿಂದ 2,710ಕ್ಕೆ ಇಳಿಸಿದರು. ಹೀಗೆ ಕತ್ತರಿಸಿದ 85 ಮಿಲಿಮೀಟರ್ ಪೂರ್ತಿ ಹಿಂದಿನ ಸೀಟಿನವರ ಮೊಣಕಾಲಿನ ಪಾಲು. ಚಾವಣಿಯೂ ನಾಲ್ಕು ಸೆಂಟಿಮೀಟರಿನಷ್ಟು ತಗ್ಗಿತು. ಎರಡು ಬಾಗಿಲು ಹೋದವು, ಅವುಗಳ ಜತೆ ಬಾಗಿಲುಗಳ ನಡುವಿನ ಕಂಬ, ಅಂದರೆ ಬಿ-ಪಿಲ್ಲರ್ ಕೂಡ ಹೋಯಿತು. ನಾಲ್ಕೂ ಗಾಜು ಇಳಿಸಿದರೆ ಮುಂದಿನ ಗಾಜಿನಿಂದ ಹಿಂದಿನ ಗಾಜಿನವರೆಗೆ ಪಕ್ಕದಲ್ಲಿ ಅಡ್ಡ ಏನೂ ಇಲ್ಲ. ನಿಮಗೆ ಕಣ್ಣು ಕೀಳಲಾಗದೆ ಹೋದದ್ದು ಇದರಿಂದಲೇ. ನನಗೂ ಹಾಗೆಯೇ ಆಗಿತ್ತು.

ಹಾಗಾದರೆ ನೀವು ಆರಿಸುತ್ತಿರುವುದು ಎರಡು ಬೇರೆ ಬೇರೆ ಯಂತ್ರಗಳನ್ನಲ್ಲ, ಒಂದೇ ಯಂತ್ರಕ್ಕೆ ಹೊಲಿಸಿದ ಎರಡು ಅಂಗಿಗಳನ್ನು. ಮೆಕ್ಯಾನಿಕಲ್ ಸಾಮಾನು ಎರಡಕ್ಕೂ ಬಹುಪಾಲು ಸಮಾನವಾಗಿ ಸಿಗುತ್ತದೆ. ತಲೆನೋವು ಇರುವುದು ಅಂಗಿಯಲ್ಲಿ. ಒಟ್ಟು ತಯಾರಾದ 26,96,915 ಗಾಡಿಗಳಲ್ಲಿ ಸೆಡಾನ್ 23,75,440, ಕೂಪೆ ಬರೀ 99,884. ಅಂದರೆ ಸುಮಾರು 24 ಸೆಡಾನಿಗೆ ಒಂದು ಕೂಪೆ. ಸೆಡಾನಿನ ಬಾಗಿಲು ಕೆಟ್ಟರೆ ಗುಜರಿಯಿಂದ ಇನ್ನೊಂದು ತಂದು ಕೂರಿಸಬಹುದು. ಕೂಪೆಯ ಬಾಗಿಲು, ಪಕ್ಕದ ಗಾಜು, ಹಿಂದಿನ ಗಾಜು ಇಳಿಸುವ ಯಂತ್ರ, ಎರಡು ಗಾಜು ಸೇರುವಲ್ಲಿನ ಬೀಡಿಂಗ್, ಕ್ರೋಮ್ ಪಟ್ಟಿ ಇವಕ್ಕೆಲ್ಲ ಕೂಪೆಯನ್ನೇ ಹುಡುಕಬೇಕು. ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಅದರದ್ದು ಗಿಡ್ಡ. ಆದ್ದರಿಂದ ಕೂಪೆ ನೋಡಲು ಹೋದಾಗ ಒಂದು ಕಾಗದ ಹಿಡಿದು, ಸೆಡಾನಿನಿಂದ ತಂದು ಹಾಕಲಾಗದ ಸಾಮಾನುಗಳಲ್ಲಿ ಎಷ್ಟು ಕೆಟ್ಟಿವೆ ಎಂದು ಎಣಿಸಿ. ಎಂಜಿನ್ ಹೊಗೆ ಬಿಟ್ಟರೂ ಬಿಡಲಿ, ಅದಕ್ಕೆ ದಾರಿಯಿದೆ. ಈ ಪಟ್ಟಿ ಮೂರು ದಾಟಿದರೆ ನಾನಾದರೆ ಹಿಂದಿರುಗಿ ನೋಡದೆ ಬರುತ್ತೇನೆ.

ಈಗ ಪೇಂಟಿನ ವಿಷಯ. ಈ ಗಾಡಿಗಳ ಎಂಜಿನ್ನಿಗೆ ಆಯಸ್ಸು ಗಟ್ಟಿ, ತಗಡಿಗೆ ಅಲ್ಲ. ತುಕ್ಕು ಹಿಡಿಯುವ ಜಾಗಗಳು ಇಬ್ಬರಿಗೂ ಒಂದೇ: ಜಾಕ್ ಹಾಕುವ ತೂತುಗಳ ಸುತ್ತ, ಮುಂದಿನ ಫೆಂಡರ್ ಒಳಗೆ ಹೆಡ್‌ಲೈಟ್ ಹಿಂದೆ, ಬ್ಯಾಟರಿ ತಟ್ಟೆಯ ಅಡಿ, ಬಾಗಿಲ ತಳ, ಕಾರ್ಪೆಟ್ ಕೆಳಗಿನ ನೆಲ, ಸನ್‌ರೂಫ್ ಇದ್ದರೆ ಅದರ ಅಂಚು. ಇವೆಲ್ಲಕ್ಕಿಂತ ಕಪಟಿ ಎಂದರೆ ಹಿಂದಿನ ದೊಡ್ಡ ಗಾಜಿನ ಕೆಳಮೂಲೆ. ಅಲ್ಲಿ ರಬ್ಬರ್ ಗಟ್ಟಿಯಾಗಿ ಬಿರಿದರೆ ನೀರು ಒಳಗಿಳಿದು ಡಿಕ್ಕಿಯ ಮೂಲೆಗಳಲ್ಲಿ ನಿಲ್ಲುತ್ತದೆ. ಹೊರಗಿನಿಂದ ಏನೂ ಕಾಣದು.

ನನ್ನ ಮೊದಲ ಕೂಪೆಯನ್ನು ಒಣ ಹವೆಯಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಪೇಂಟಿನ ಹೊಳಪು ನೋಡಿ ಕೊಂಡೆ. ಮೊದಲ ಮಳೆಗೆ ಡಿಕ್ಕಿ ತೆರೆದರೆ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಬಟ್ಟೆ ಅದ್ದಿ ಹಿಂಡುವಷ್ಟು ನೀರು. ಗುಂಡಿಯ ತಳಕ್ಕೆ ಸ್ಕ್ರೂಡ್ರೈವರ್ ಒತ್ತಿದೆ, ಆಚೆ ಬಂತು. ಟಿಂಕರಿಂಗ್ ಮಾಡಿದವರು ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಅಂದಿನಿಂದ ಹೊಸ ಪೇಂಟಿನ ಹಳೆಯ ಗಾಡಿ ಕಂಡರೆ ನನಗೆ ಮೊದಲು ಸಂಶಯ, ಆಮೇಲೆ ಸಂತೋಷ. ಬಣ್ಣ ಮಾಸಿದ ಗಾಡಿಗೆ ಸುಳ್ಳು ಹೇಳುವುದು ಕಷ್ಟ.

ಅದಕ್ಕೇ ಮಾರುವವರನ್ನು ಪೇಂಟ್‌ಗೆ ಮುಂಚಿನ ಫೋಟೊ ಕೇಳಿ. ತಗಡು ಕೆರೆದು ಬೆಸುಗೆ ಹಾಕಿದ ಹಂತದ ಚಿತ್ರಗಳಿದ್ದರೆ ಆ ಗಾಡಿಗೆ ನಿಜವಾಗಿ ಕೆಲಸ ಆಗಿದೆ. ‘ಫೋಟೊ ತೆಗೆದಿಲ್ಲ’ ಅಂದರೆ ಒಂದು ತೆಳು ಅಯಸ್ಕಾಂತ ಹಿಡಿದು ಬಾಗಿಲ ಕೆಳಗಿನ ಸಿಲ್ ಉದ್ದಕ್ಕೂ ಆಡಿಸಿ. ಪುಟ್ಟಿ ದಪ್ಪಗಿದ್ದಲ್ಲಿ ಅದು ಅಂಟುವುದಿಲ್ಲ. ಕೂಪೆಯಲ್ಲಿ ಈ ಸಿಲ್ ನೋಡುವುದು ಇನ್ನೂ ಮುಖ್ಯ. ನಡುಕಂಬವೇ ಇಲ್ಲದ ಬಾಡಿಯ ಭಾರವನ್ನು ನೆಲ, ಸಿಲ್ ಮತ್ತು ಚಾವಣಿಯ ಚೌಕಟ್ಟೇ ಹೊರಬೇಕು. ಅಲ್ಲಿ ಜಂಗು ಹಿಡಿದ ಕೂಪೆ ಹಳ್ಳ ದಿಣ್ಣೆಯಲ್ಲಿ ಕಿರುಗುಟ್ಟುತ್ತದೆ, ಬಾಗಿಲು ಹಾಕಲು ಎತ್ತಿ ತಳ್ಳಬೇಕಾಗುತ್ತದೆ. ಪರೀಕ್ಷೆ ಸುಲಭ: ಬಾಗಿಲನ್ನು ಅರ್ಧ ತೆರೆದು, ತುದಿ ಹಿಡಿದು ಮೇಲಕ್ಕೆ ಎತ್ತಿ. ಕೂಪೆಯ ಬಾಗಿಲು ಉದ್ದ, ತೂಕವೂ ಹೆಚ್ಚು, ಆದ್ದರಿಂದ ಹಿಂಜ್ ಬೇಗ ಸವೆಯುತ್ತದೆ. ಅಲುಗಾಡಿದರೆ ಅದು ಹಿಂಜೋ ಸಿಲ್ಲೋ ಎಂದು ಮೆಕ್ಯಾನಿಕ್ ಹತ್ತಿರ ಖಚಿತ ಮಾಡಿಸಿಕೊಳ್ಳಿ. ನಾಲ್ಕೂ ಗಾಜನ್ನು ಎರಡು ಸಲ ಏರಿಸಿ ಇಳಿಸಿ ನೋಡಿ. ಹಿಂದಿನ ಗಾಜು ನಡುವೆ ನಿಂತು ಯೋಚನೆಗೆ ಬಿದ್ದರೆ ಆ ಯೋಚನೆಯ ಖರ್ಚು ನಿಮ್ಮದು.

ಎಂಜಿನ್ ವಿಷಯದಲ್ಲಿ ನೀವು ಹೋಲಿಸುತ್ತಿರುವ ಎರಡು ಗಾಡಿಗಳ ಸ್ವಭಾವ ಎಣ್ಣೆ ಸೀಗೆಕಾಯಿಯಂತೆ. 300ಡಿಯ ಐದು ಸಿಲಿಂಡರ್ ಡೀಸೆಲ್ 88 ಅಶ್ವಶಕ್ತಿಯದು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು 17-18 ಸೆಕೆಂಡ್ ಬೇಕು. ಓವರ್‌ಟೇಕ್ ಮಾಡುವ ಮುಂಚೆ ಲೆಕ್ಕ ಹಾಕಬೇಕು. ಆದರೆ ಎಣ್ಣೆ ಬದಲಿಸಿ, ಸುಮಾರು 24,000 ಕಿಲೋಮೀಟರಿಗೊಮ್ಮೆ ಟ್ಯಾಪೆಟ್ (ವಾಲ್ವ್‌ಗಳ ಸಂದು) ಸೆಟ್ ಮಾಡಿಸಿಕೊಂಡಿದ್ದರೆ ಅದು ನಿಮಗಿಂತ ಹೆಚ್ಚು ದಿನ ಓಡುವ ಹಟಮಾರಿ. ಕೊಳ್ಳುವ ಮುನ್ನ ಎಂಜಿನ್ ಬಿಸಿಯಾದ ಮೇಲೆ, ಐಡ್ಲಿಂಗ್‌ನಲ್ಲಿರುವಾಗ, ಎಂಜಿನ್ ಆಯಿಲ್ ತುಂಬುವ ಮುಚ್ಚಳ ತೆಗೆದು ಮಗುಚಿ ಅದೇ ತೂತಿನ ಮೇಲಿಡಿ. ಸ್ವಲ್ಪ ನಡುಗಿದರೆ ಚಿಂತೆಯಿಲ್ಲ. ಹಾರಿ ಬಿದ್ದರೆ ಪಿಸ್ಟನ್ ರಿಂಗ್‌ಗಳು ಸವೆದಿವೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿಯೂ ನೋಡಿ. ನೀವು ಹೋಗುವ ಹೊತ್ತಿಗೆ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.

280ಸಿಇಯ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ 2,746 ಸಿಸಿ, ಎರಡು ಕ್ಯಾಮ್‌ಶಾಫ್ಟ್, 185 ಅಶ್ವಶಕ್ತಿ. ನೂರು ಮುಟ್ಟಲು ಹತ್ತು ಸೆಕೆಂಡಿನ ಆಸುಪಾಸು. ಅದರ ದನಿಯೂ ಪಿಕಪ್ಪೂ ಚೆಂದ, ಆದರೆ ಕುಡುಕ. ಬಾಷ್‌ನ ಕೆ-ಜೆಟ್ರಾನಿಕ್ ಇಂಜೆಕ್ಷನ್ ಪೂರಾ ಮೆಕ್ಯಾನಿಕಲ್ ಚಾತುರ್ಯ. ತಿಳಿದವರ ಕೈಯಲ್ಲಿ ಸಾಧು, ತಿಳಿಯದವರು ತಿರುಪು ತಿರುಗಿಸಿದರೆ ಅದರ ಕಥೆ ಮುಗಿಯಿತು. ಬಿಸಿ ಎಂಜಿನ್ ಆಫ್ ಮಾಡಿ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ತುಂಬ ಹೊತ್ತು ಸೆಲ್ಫ್ ಹೊಡೆಯಬೇಕಾಗಿ ಬಂದರೆ ಇಂಧನದ ಒತ್ತಡ ಹಿಡಿದಿಡುವ ಅಕ್ಯುಮುಲೇಟರ್ ಮೇಲೆ ಮೊದಲ ಅನುಮಾನ.

ಕೂಪೆಯ ಆಸೆ ಬಿಡಲಾಗದಿದ್ದರೆ ನೀವು ಕೇಳದ ಮೂರನೇ ದಾರಿಯೊಂದಿದೆ: 1980ರಲ್ಲಿ ಬಂದ 230ಸಿಇ. ಬಾಡಿ ಅದೇ, ನಾಲ್ಕೇ ಸಿಲಿಂಡರ್, 136 ಅಶ್ವಶಕ್ತಿ. ಮೂಗಿನ ಮೇಲೆ ಭಾರ ಕಡಿಮೆ, ಬಾನೆಟ್ ಅಡಿ ಕೈಯಾಡಿಸಲು ಜಾಗ ಹೆಚ್ಚು. ನನ್ನ ಅಭಿರುಚಿಗೆ ಈ ಬಾಡಿಗೆ ಒಪ್ಪುವ ಎಂಜಿನ್ ಅದೇ. 280ರ ಭಕ್ತರು ನನಗೆ ಬೈಯುತ್ತಾರೆ, ಬೈಯಲಿ.

ಮಕ್ಕಳ ವಿಷಯಕ್ಕೆ ಬರೋಣ. ಕೂಪೆಯ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿಗೆ ಧಾರಾಳ ಜಾಗ. ಹಿಂದೆ ಬಾಗಿಲೇ ಇಲ್ಲದ್ದರಿಂದ ಓಡುವಾಗ ತೆರೆದಾರು ಎಂಬ ಭಯವಿಲ್ಲ. ಹತ್ತು ವರ್ಷದ ಮಗು ಹದಿನೈದಾಗುವಾಗ ಮಾತ್ರ ಮೊಣಕಾಲು ಮಾತಾಡಲು ಶುರುಮಾಡುತ್ತದೆ. ಮುಂದಿನ ಸೀಟಿನ ಬೆನ್ನು ಬಾಗಿಲು ಹಾಕಿದಾಗ ವ್ಯಾಕ್ಯೂಮ್‌ನಿಂದ, ಅಂದರೆ ಸಣ್ಣ ಕೊಳವೆಗಳೊಳಗಿನ ಗಾಳಿ ಹೀರಿದಾಗ ಹುಟ್ಟುವ ಸೆಳೆತದಿಂದ, ಲಾಕ್ ಆಗಬೇಕು, ಬಾಗಿಲು ತೆರೆದಾಗ ಬಿಡಬೇಕು. ಲಾಕ್ ಆಗದಿದ್ದರೆ ಬ್ರೇಕ್ ಹೊಡೆದಾಗ ಸೀಟು ಮುಂದಕ್ಕೆ ಮಡಚುತ್ತದೆ. ಮಕ್ಕಳನ್ನು ಕೂರಿಸುವ ಮುನ್ನ ಇದನ್ನು ಸರಿಪಡಿಸಿಕೊಳ್ಳಲೇಬೇಕು. ವಯಸ್ಸಾದವರು ಹಿಂದೆ ಕೂರುವ ಮನೆಯಾದರೆ ಕೂಪೆಯ ಮಾತೇ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ನೀವು ಬರೆದ ಈ ಎರಡರಲ್ಲಿ ನನ್ನ ಮತ ಸೆಡಾನಿಗೆ. ಅದು ನಾಲ್ಕು ಬಾಗಿಲಿನದು ಎಂಬ ಕಾರಣಕ್ಕಲ್ಲ, ಒಬ್ಬರದೇ ಕೈಯಲ್ಲಿದ್ದು ಬಣ್ಣ ಮಾಸಿರುವುದಕ್ಕೆ. ಕೂಪೆಯವರು ಬೆಸುಗೆಯ ಫೋಟೊ ತೋರಿಸಿ, ಅಯಸ್ಕಾಂತ ಅಂಟಿ, ನಾಲ್ಕು ಗಾಜೂ ತಕರಾರಿಲ್ಲದೆ ಇಳಿದರೆ ನನ್ನ ಮತ ತಿರುಗುತ್ತದೆ. ಆಗ ಹೆಂಡತಿಯನ್ನು ಒಪ್ಪಿಸುವ ಕೆಲಸ ನಿಮ್ಮದು. ಗಾಜುಗಳನ್ನೆಲ್ಲ ಇಳಿಸಿ ಒಂದು ಸುತ್ತು ಕರೆದುಕೊಂಡು ಹೋಗಿ.

ಪ್ರಶ್ನೆ: ಕೂಪೆಗಳು ಕಡಿಮೆ, ಆದ್ದರಿಂದ ಹೂಡಿಕೆಗೆ ಅವೇ ಒಳ್ಳೆಯವು ಅನ್ನುತ್ತಾರೆ. ನಿಜವೇ?

ಉತ್ತರ: ಅಪರೂಪದ್ದಕ್ಕೆ ಬೆಲೆ ಹೆಚ್ಚು ಎಂಬುದು ನಿಜ. ಆದರೆ ಏರಿದ ಬೆಲೆಯನ್ನು ಬೀಡಿಂಗ್, ಕ್ರೋಮ್, ಟಿಂಕರಿಂಗ್ ಮೂರೂ ಸೇರಿ ತಿಂದು ತೇಗುತ್ತವೆ. ಲಾಭದ ಲೆಕ್ಕದಲ್ಲಿ ಕೊಂಡವರು ಗಾಡಿಯನ್ನು ಓಡಿಸದೆ ಬಟ್ಟೆ ಹೊದಿಸಿ ಇಡುತ್ತಾರೆ. ನಿಂತ ಗಾಡಿಯ ರಬ್ಬರು, ಬ್ರೇಕ್ ಕ್ಯಾಲಿಪರು, ಪೆಟ್ರೋಲ್ ಟ್ಯಾಂಕು ಓಡುವ ಗಾಡಿಯವಕ್ಕಿಂತ ಬೇಗ ಹಾಳಾಗುತ್ತವೆ. ಹೂಡಿಕೆಯೇ ಬೇಕಾದರೆ ಮಳೆಗೆ ತುಕ್ಕು ಹಿಡಿಯದ ಬೇರೇನಾದರೂ ನೋಡಿ.

ಪ್ರಶ್ನೆ: ಈ ಕೂಪೆಯಲ್ಲಿ ಡೀಸೆಲ್ ಇತ್ತೇ? ಇಲ್ಲವಾದರೆ ಸೆಡಾನಿನ ಡೀಸೆಲ್ ಎಂಜಿನ್ ತಂದು ಕೂರಿಸಬಹುದೇ?

ಉತ್ತರ: ಇತ್ತು, 300ಸಿಡಿ. ಹೆಸರಿನಲ್ಲೇ ಗುಟ್ಟಿದೆ: ಸಿ ಅಂದರೆ ಕೂಪೆ, ಡಿ ಅಂದರೆ ಡೀಸೆಲ್. (280ಸಿಇಯ ಇ ಎಂದರೆ ಇಂಜೆಕ್ಷನ್‌ಗೆ ಜರ್ಮನ್ನರ ಪದದ ಮೊದಲಕ್ಷರ.) ಅದನ್ನು ಉತ್ತರ ಅಮೆರಿಕದ ಮಾರುಕಟ್ಟೆಗೆಂದೇ ಮಾಡಿದರು. ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಮೈಲೇಜ್ ಇಷ್ಟಿರಬೇಕು ಎಂಬ ಕಾನೂನು ಅಮೆರಿಕದಲ್ಲಿ 1978ರ ಮಾಡೆಲ್‌ಗಳಿಂದ ಜಾರಿಯಾಯಿತು. ಕುಡುಕ ಪೆಟ್ರೋಲ್ ಗಾಡಿಗಳ ಪಾಪವನ್ನು ಡೀಸೆಲ್ ಕೂಪೆ ತೊಳೆಯಿತು. ನಂತರ ಅದಕ್ಕೆ ಟರ್ಬೊ ಕೂಡ ಬಂತು.

ಪೆಟ್ರೋಲ್ ಕೂಪೆಗೆ ಡೀಸೆಲ್ ಕೂರಿಸುವುದು ಸಾಧ್ಯ, ಆದರೆ ಎಂಜಿನ್ ಒಂದನ್ನೇ ತಂದರೆ ಆಗದು. ಪೆಟ್ರೋಲ್ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ಒಳಗಾಳಿಯ ಕೊಳವೆಯಿಂದ ತಾನಾಗಿ ಸಿಗುತ್ತದೆ, ಡೀಸೆಲ್‌ನಲ್ಲಿ ಅದಕ್ಕೆ ಪ್ರತ್ಯೇಕ ಪಂಪ್ ಬೇಕು. ಮೌಂಟಿಂಗ್, ಇಂಧನದ ಪೈಪು, ವೈರಿಂಗ್ ಎಲ್ಲ ಬೇರೆ. ಒಂದು ಪೂರ್ತಿ ಡೀಸೆಲ್ ಸೆಡಾನ್ ಪಕ್ಕದಲ್ಲಿ ಬಿಚ್ಚಿ ಇಟ್ಟುಕೊಂಡಿದ್ದರೆ ಮಾತ್ರ ಕೈಹಾಕಿ. ಅಷ್ಟಕ್ಕೂ ಆ ಸೆಡಾನ್ ಓಡುತ್ತಿದ್ದರೆ ಅದನ್ನೇ ಓಡಿಸಬಾರದೇಕೆ?

ಪ್ರಶ್ನೆ: ನನ್ನ 300ಡಿ ಸೆಡಾನಿನ ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ. ಸೆಂಟ್ರಲ್ ಲಾಕ್ ಕೂಡ ಕೆಲಸ ಮಾಡುತ್ತಿಲ್ಲ. ಎರಡು ರಿಪೇರಿ ಒಟ್ಟಿಗೇ ಬಂದವಲ್ಲ?

ಉತ್ತರ: ಎರಡಲ್ಲ, ಬಹುಶಃ ಒಂದೇ. ಈ ಗಾಡಿಯಲ್ಲಿ ಡೀಸೆಲ್ ನಿಲ್ಲಿಸುವುದೂ ಬಾಗಿಲು ಲಾಕ್ ಮಾಡುವುದೂ ವ್ಯಾಕ್ಯೂಮ್ ಪಂಪೇ. ಬಾಗಿಲೊಳಗಿನ ರಬ್ಬರ್ ಪೊರೆ ಹರಿದರೂ ಎಂಜಿನ್ ನಿಲ್ಲದೆ ಹೋಗಬಹುದು. ಸದ್ಯಕ್ಕೆ ಬಾನೆಟ್ ಎತ್ತಿ ‘ಸ್ಟಾಪ್’ ಎಂದು ಬರೆದ ಹಿಡಿ ಒತ್ತಿ ನಿಲ್ಲಿಸಿ. ಆಮೇಲೆ ಲಾಕ್ ಕಡೆಗೆ ಹೋಗುವ ಸಣ್ಣ ಕೊಳವೆಯನ್ನು ತೆಗೆದು ಅದರ ಬಾಯಿ ಮುಚ್ಚಿಸಿ, ಮತ್ತೆ ಕೀ ತಿರುಗಿಸಿ. ಎಂಜಿನ್ ನಿಂತರೆ ಸೋರಿಕೆ ಬಾಗಿಲ ಕಡೆಯದು. ನಾಲ್ಕು ಬಾಗಿಲು, ಡಿಕ್ಕಿ, ಡೀಸೆಲ್ ತುಂಬುವ ಮುಚ್ಚಳ, ಒಂದೊಂದಾಗಿ ಹುಡುಕಬೇಕು. ಈ ಒಂದು ಕೆಲಸದಲ್ಲಿ ಎರಡು ಬಾಗಿಲಿನವರು ಸ್ವಲ್ಪ ಬೇಗ ಮನೆಗೆ ಹೋಗುತ್ತಾರೆ.