ಅಮ್ಮನ ಸೋಡಿಯಂ 126 ಬಂದಿದೆ, ಊಟದಲ್ಲಿ ಉಪ್ಪು ಜಾಸ್ತಿ ಮಾಡಿದರೆ ಸರಿಹೋಗುತ್ತಾ?

ಉಪ್ಪಿನ ಡಬ್ಬಿ ಪಕ್ಕಕ್ಕಿಡಿ, ಮೊದಲು ಅವರ ಬಿಪಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ.

ನಮ್ಮಪ್ಪನದೂ ಇದೇ ಕಥೆ. ಹೊಸ ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಅನ್ನೋ, ಮೂತ್ರ ಹೆಚ್ಚಿಸೋ ಔಷಧಿ ಇತ್ತು. ಸ್ವಲ್ಪ ದಿನಕ್ಕೇ ವಾಕರಿಕೆ, ತಲೆನೋವು, ಸುಸ್ತು. ಆಮೇಲೆ ನಡೆಯುವಾಗ ತೂರಾಡೋದು. ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಹಾಕಿ, ಬಿಚ್ಚಿ, ಮತ್ತೆ ಅದೇ ಕಾಜಕ್ಕೆ ಹಾಕೋರು. ಅರಳುಮರಳು ಶುರುವಾಯ್ತು ಅಂದ್ಕೊಂಡ್ವಿ.

ನಾನು ಕೆಡಿಸಿದ್ದು ನೀರು ಕುಡಿಸಿ. ಸುಸ್ತು ಅಂದ್ರೆ ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂತ ನನ್ನ ಲೆಕ್ಕ. ಅವರು ಸಾಕು ಅಂದ್ರೂ ಬಿಡದೆ "ಇನ್ನೊಂದು ಲೋಟ ಅಪ್ಪಾ" ಅಂತ ಗದರಿಸಿ ಕುಡಿಸಿದೆ. ಆ ಮಾತ್ರೆ ಮೂತ್ರದಲ್ಲಿ ಸೋಡಿಯಂ ಕಳೆಯುತ್ತೆ, ಜೊತೆಗೆ ಹೆಚ್ಚಾದ ನೀರನ್ನ ಹೊರಹಾಕೋ ಕಿಡ್ನಿಯ ಕೆಲಸಕ್ಕೂ ಅಡ್ಡ ಬರುತ್ತೆ. ಕುಡಿಸಿದ ನೀರೆಲ್ಲ ಒಳಗೇ ಉಳಿದು, ಇದ್ದಬದ್ದ ಸೋಡಿಯಂ ಇನ್ನಷ್ಟು ತೆಳುವಾಯ್ತು. ಹಾಗಾದಾಗ ನೀರು ಮಿದುಳಿನ ಜೀವಕೋಶಗಳಿಗೆ ನುಗ್ಗಿ ಅವು ಊದುತ್ತವೆ. ಫಿಟ್ಸ್ ಬಂತು. ರಿಪೋರ್ಟಲ್ಲಿ 112, ಇರಬೇಕಾದ್ದು 135ರಿಂದ 145. ಮಾತ್ರೆ ಕೊಟ್ಟವರು ರಕ್ತ ಪರೀಕ್ಷೆಗೆ ಹೇಳಿರಲಿಲ್ಲ ನಿಜ, ಆದರೆ ಲೋಟ ಹಿಡಿದಿದ್ದವನು ನಾನು.

ಐಸಿಯುನಲ್ಲಿ 3% ಸಲೈನ್, ಅಂದ್ರೆ ಗಾಢವಾದ ಉಪ್ಪುನೀರಿನ ಡ್ರಿಪ್, ಸ್ವಲ್ಪವೇ ಕೊಟ್ಟು ಫಿಟ್ಸ್ ನಿಲ್ಲಿಸಿದರು, ಆಮೇಲೆ ನಿಧಾನ ಮಾಡಿದರು. ಬೇಗ ಏರಿಸಿ ಅಂತ ನಾನು ಕೂಗಾಡಿದ್ದಕ್ಕೆ ಡಾಕ್ಟರು "24 ಗಂಟೆಗೆ 8ಕ್ಕಿಂತ ಜಾಸ್ತಿ ಏರಿಸಲ್ಲ" ಅಂದರು. ಆತುರಪಟ್ಟರೆ ಮಿದುಳಿನ ನರತಂತುಗಳ ಹೊದಿಕೆ ಹಾಳಾಗಿ ಮಾತು, ನುಂಗೋದು, ಕೈಕಾಲಿನ ಶಕ್ತಿ ಹೋಗಬಹುದಂತೆ. ಪ್ರತಿ ಕೆಲವು ಗಂಟೆಗೆ ರಕ್ತ ತೆಗೆದು ನೋಡೋರು.

ಆದ್ದರಿಂದ "ಎಷ್ಟು ಉಪ್ಪು" ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಸೋಡಿಯಂ ಕಮ್ಮಿ ಅಂದ್ರೆ ಬಹಳ ಸಲ ಉಪ್ಪಿನ ಕೊರತೆಯಲ್ಲ, ನೀರು ಹೆಚ್ಚಾಗಿರೋದು. ಕೆಲವರಿಗೆ ಮದ್ದೇ ನೀರು ಕಮ್ಮಿ ಮಾಡೋದು. ವಾಂತಿಭೇದಿಯಿಂದ ಇಳಿದಿದ್ದರೆ ಸಲೈನ್ ಬೇಕು. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಉಪ್ಪು ಸುರಿದರೆ ಉಸಿರಾಟಕ್ಕೇ ಕುತ್ತು. ಯಾವುದು ಅಂತ ತಿಳಿಯೋಕೆ ರಕ್ತ ಮತ್ತು ಮೂತ್ರದ ಆಸ್ಮೊಲಾಲಿಟಿ (ಅವು ಎಷ್ಟು ಗಾಢ, ಎಷ್ಟು ತೆಳು ಅನ್ನೋ ಲೆಕ್ಕ), ಮೂತ್ರದ ಸೋಡಿಯಂ ನೋಡಬೇಕು. ಪೊಟ್ಯಾಸಿಯಂ, ಸಕ್ಕರೆನೂ ಕೇಳಿ ನೋಡಿಸಿ.

126 ಅಂತಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮಾತು ತಡವರಿಸಿದರೆ, ಮಂಪರು ಬಂದರೆ, ವಾಂತಿ ನಿಲ್ಲದಿದ್ದರೆ ಫೋನೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ. ಅಮ್ಮ ನುಂಗೋ ಎಲ್ಲ ಮಾತ್ರೆ ಜೊತೆಗಿರಲಿ, ಖಿನ್ನತೆಗೆ ಮತ್ತು ಫಿಟ್ಸ್‌ಗೆ ಕೊಡೋವೂ ಸೇರಿ. ಅವುಗಳಲ್ಲೂ ಕೆಲವು ಸೋಡಿಯಂ ಇಳಿಸುತ್ತವೆ.