ಕನ್ನಡ ಕಲಿಯಲು ವಿಡಿಯೊ ಸಾಕೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಎಂಟು ತಿಂಗಳ ಮಗಳಿಗೆ ಕನ್ನಡ ಬರಲೆಂದು ದಿನವೂ ಶಿಶುಗೀತೆಗಳ ವಿಡಿಯೊ ತೋರಿಸುತ್ತೇನೆ. ಇಷ್ಟು ಸಾಕೇ?
— ಒಬ್ಬ ತಾಯಿ

ಉತ್ತರ: ಸಾಲದು. ನಿಮ್ಮ ಮಗಳು ಈಗ ಬಹಳ ಮುಖ್ಯವಾದ ಘಟ್ಟದಲ್ಲಿದ್ದಾಳೆ. ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ತ–ಟ ಧ್ವನಿಗಳನ್ನು ಬೇರೆಬೇರೆಯಾಗಿ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಕುಗ್ಗಿತ್ತು. ಕಿವಿಗೆ ಬೀಳದ ಭೇದಗಳನ್ನು ಬದಿಗಿಟ್ಟು, ಸುತ್ತಲಿನ ಭಾಷೆಗೆ ಮಿದುಳು ತನ್ನನ್ನು ಒಗ್ಗಿಸಿಕೊಳ್ಳುತ್ತದೆ.

ಆದರೆ ಬರಿಯ ಧ್ವನಿ ಕೇಳಿಸಿದರಾಗದು. ಶಿಶುಗಳ ಭಾಷಾಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದಂತೆ, ಎದುರಿಗೆ ಕುಳಿತು ಆಡಿಸುತ್ತ ಮ್ಯಾಂಡರಿನ್ (ಚೀನಾದ ಭಾಷೆ) ಮಾತಾಡಿದವರಿಂದ ಅಮೆರಿಕದ ಒಂಬತ್ತು ತಿಂಗಳ ಶಿಶುಗಳು ಅದರ ಧ್ವನಿಭೇದವನ್ನು ಕಲಿತವು. ಅದೇ ಮಾತನ್ನು ಪರದೆಯಲ್ಲಿ ನೋಡಿದವು ಕಲಿಯಲಿಲ್ಲ. ಮಾತಾಡುವವರ ಕಣ್ಣು ಎತ್ತ ಹೊರಳಿತು, ತನ್ನ ಸದ್ದಿಗೆ ಮರುಮಾತು ಬಂತೇ ಎಂಬುದನ್ನು ಮಗು ಗಮನಿಸುತ್ತಿರುತ್ತದೆ.

ಆದ್ದರಿಂದ ಉಣಿಸುವಾಗ, “ನೋಡು ಪುಟ್ಟಿ, ತಟ್ಟೆ ತಂದೆ, ಅನ್ನ ಕಲಸ್ತೀನಿ” ಎನ್ನಿ. ಅವಳು “ತಾ ತಾ” ಎಂದರೆ ತಡಮಾಡದೆ ಉತ್ತರಿಸಿ. ಊರಿನ ಅಜ್ಜಿ ವಿಡಿಯೊ ಕರೆಯಲ್ಲಿ ಹೀಗೆಯೇ ಮರುಮಾತಾಡಲಿ; ಹಾಡಿನ ವಿಡಿಯೊದಲ್ಲಿ ಈ ಕೊಡುಕೊಳ್ಳುವಿಕೆ ಇರುವುದಿಲ್ಲ. ಎರಡು ಭಾಷೆಗಳಿಂದ ಮಗು ಗೊಂದಲಕ್ಕೀಡಾಗುತ್ತದೆಂಬ ಭಯವನ್ನು ದಯವಿಟ್ಟು ಬಿಡಿ.